ತಂತಿಯ ಆ ತುದಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೆಲಸಕ್ಕೆ ಕರೆದವರೆಲ್ಲ ಅದನ್ನು ಸಹಿಸಿಕೊಂಡಿದ್ದಾರೆ, ಏಕೆಂದರೆ ನಾನು ಎಳೆದ ಕೇಬಲ್ ಕೈಕೊಡುವುದಿಲ್ಲ. ಇವರು ಇದ್ದಾಗ ಗಂಡ ಹೆಂಡತಿ ಇಬ್ಬರೂ ಕೂಡಿಯೇ ಈ ಕೆಲಸ ಮಾಡುತ್ತಿದ್ದೆವು. ಕೇಬಲ್ಲಿನ ಆ ತುದಿಯಲ್ಲಿ ಇವರು, ಈ ತುದಿಯಲ್ಲಿ ನಾನು. "ನಮ್ಮ ಸಂಸಾರ ನೂರು ಮೀಟರ್ ದೂರದಲ್ಲಿದ್ರೇನೇ ಸರಿಯಾಗಿ ನಡೆಯೋದು" ಅಂತ ಇವರು ಕಂಡಕಂಡವರ ಮುಂದೆ ಹೇಳಿ ನಗಿಸುತ್ತಿದ್ದರು. ಇವರು ಹೋಗಿ ಎರಡು ವರ್ಷವಾಯಿತು. ಈಗ ಎರಡೂ ತುದಿಗೆ ನಾನೇ ಓಡಾಡುತ್ತೇನೆ.

ಹೋದ ವಾರ ಕಾಗದದ ಕಾರ್ಖಾನೆಯಿಂದ ಫೋನ್ ಬಂತು. ಅಲ್ಲಿನ ಪಂಪ್ ಮನೆಯಲ್ಲಿ ಕ್ಯಾಮೆರಾ ಹಾಕಬೇಕು, ಈ ಸಲ ಫೈಬರ್ ಎಳೆಯಬೇಕು ಎಂದರು. ಆ ಪಂಪ್ ಮನೆಯ ಗುಂಡಿಯಲ್ಲೇ ಇವರು ಸತ್ತದ್ದು. ಬೇರೆ ಯಾರಿಗಾದರೂ ವಹಿಸಿ ಎನ್ನಬಹುದಿತ್ತು. ಎನ್ನಲಿಲ್ಲ. ಬೇರೆಯವರು ಹೋಗಿ ಇವರು ಎಳೆದ ತಂತಿಯನ್ನು ಕಿತ್ತು ಗುಜರಿಗೆ ಹಾಕುವುದು ನನಗೆ ಬೇಕಿರಲಿಲ್ಲ.

ಇವತ್ತು ಬೆಳಿಗ್ಗೆ ಬುತ್ತಿ ಕಟ್ಟುತ್ತಿದ್ದ ಅತ್ತೆ, ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಅವರ ಕೈ ಮುಚ್ಚಳದ ಮೇಲೇ ನಿಂತುಬಿಟ್ಟಿತು. ಇನ್ನು ಯಾವ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಾರೆ.

"ಅವನು ಒಂದ್ಸಲಾನೂ ಕರೀಲಿಲ್ವೇನೇ?"

"ಲೈನ್ ಸತ್ತಿತ್ತು ಅತ್ತೆ. ನಂಗೇನೂ ಗೊತ್ತಾಗ್ಲಿಲ್ಲ."

"ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿದ್ರೂ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದ. ಅಷ್ಟು ಹೊತ್ತು ನೀರಲ್ಲಿ ಸುಮ್ನೆ ಇದ್ದ ಅಂದ್ರೆ ನಂಗೆ ನಂಬಿಕೆ ಬರಲ್ಲ."

ನಾನು ಬುತ್ತಿ ತೆಗೆದುಕೊಂಡು ಹೊರಟೆ. ಲೈನ್ ಸತ್ತಿತ್ತು ಎಂಬುದು ಸುಳ್ಳು. ಅದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾಲಿಗೆ ನನ್ನನ್ನು ಕೇಳದೆಯೇ ಹೇಳಿಬಿಡುತ್ತದೆ.

ಕೆಲಸ ದೊಡ್ಡದೇನಲ್ಲ. ತಾಮ್ರದ ನೆಟ್‌ವರ್ಕ್ ಕೇಬಲ್ ನೂರು ಮೀಟರ್ ದಾಟಿದರೆ ಸುಸ್ತಾಗುತ್ತದೆ. ಕಾರ್ಖಾನೆಯ ಕಂಟ್ರೋಲ್ ರೂಮಿನಿಂದ ಪಂಪ್ ಮನೆಗೆ ನೂರ ನಲವತ್ತು ಮೀಟರ್. ಇವರು ಅವತ್ತು "ಒಳ್ಳೇ ಕೇಬಲ್ ಕಣೇ, ಎಳೆಯುತ್ತೆ" ಅಂತ ಹಟ ಹಿಡಿದು ತಾಮ್ರವನ್ನೇ ಎಳೆದಿದ್ದರು. ಫೈಬರ್ ಎಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಬೆಳಕು ಎಷ್ಟು ದೂರ ಬೇಕಾದರೂ ಹೋಗುತ್ತದೆ, ಆದರೆ ಕರೆಂಟ್ ಹೋಗುವುದಿಲ್ಲ. ಅದಕ್ಕೇ ಎರಡು ತುದಿಗೂ ಒಂದೊಂದು ಕನ್ವರ್ಟರ್ ಪೆಟ್ಟಿಗೆ ಬೇಕು. ಈ ತುದಿಯ ಪೆಟ್ಟಿಗೆ ತಾಮ್ರದ ಮಾತನ್ನು ಬೆಳಕು ಮಾಡುತ್ತದೆ. ಆ ತುದಿಯದು ಬೆಳಕನ್ನು ಮತ್ತೆ ತಾಮ್ರಕ್ಕೆ ಇಳಿಸಿ, ಅದೇ ತಂತಿಯಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕೊಡುತ್ತದೆ.

ಹೀಗೆ ಕರೆಂಟ್ ಕೊಡುವ ಪೆಟ್ಟಿಗೆಗಳದ್ದು ಒಂದು ಗುಣವಿದೆ. ಕೇಳದೆ ಕೊಡುವುದಿಲ್ಲ. ತಂತಿಯಲ್ಲಿ ಮೊದಲು ಚೂರೇ ಚೂರು ವೋಲ್ಟೇಜ್ ಬಿಟ್ಟು, ಆ ಕಡೆ ಯಾರಾದರೂ ಇದ್ದಾರಾ ಎಂದು ತಡವಿ ನೋಡುತ್ತವೆ. ಕ್ಯಾಮೆರಾದ ಹೊಟ್ಟೆಯೊಳಗೆ ಕರೆಂಟಿಗೆ ಇಂತಿಷ್ಟೇ ಎಂಬ ಒಂದು ತಡೆ ಇರುತ್ತದೆ. ಅದು ಸಿಕ್ಕಿದರೆ ಪೂರಾ ಕರೆಂಟ್ ಬಿಟ್ಟು ಹಸಿರು ದೀಪ ಹತ್ತಿಸುತ್ತವೆ. ತಂತಿಯ ತುದಿಯಲ್ಲಿ ಯಾರೂ ಇಲ್ಲದಿದ್ದರೆ ದೀಪ ಹತ್ತುವುದಿಲ್ಲ.

ಫೈಬರನ್ನು ನಿನ್ನೆಯೇ ಪೈಪಿನೊಳಗೆ ಎಳೆದಿಟ್ಟಿದ್ದೆ. ಇವತ್ತು ಪಂಪ್ ಮನೆಯ ಹೊರಗೋಡೆಗೆ ಪೆಟ್ಟಿಗೆ ಕೂರಿಸಿ, ಕಂಬದ ಮೇಲೆ ಕ್ಯಾಮೆರಾ ಹಾಕಿದೆ. ಪಕ್ಕದಲ್ಲೇ ಗುಂಡಿಯ ಕಬ್ಬಿಣದ ಬಾಗಿಲು, ಅದಕ್ಕೆ ಬೀಗ. ಪಂಪ್ ಧಡಧಡ ಎನ್ನುತ್ತಿತ್ತು. ಎರಡು ಗಂಟೆ ಕೆಲಸ ಮಾಡಿದರೂ ಆ ಬಾಗಿಲ ಕಡೆ ಒಮ್ಮೆಯೂ ತಿರುಗಲಿಲ್ಲ. ತಿರುಗಲಿಲ್ಲ ಎಂಬುದೇ ಕತ್ತು ನೋಯುವಷ್ಟು ಗೊತ್ತಾಗುತ್ತಿತ್ತು.

ಕಂಟ್ರೋಲ್ ರೂಮಿಗೆ ವಾಪಸು ಬಂದು ಈ ತುದಿಯ ಪೆಟ್ಟಿಗೆ ಜೋಡಿಸಿದೆ. ಪರದೆಯ ಮೇಲೆ ಪಂಪ್ ಮನೆ ಮೂಡಿತು. ಗೋಡೆ, ಬಾಗಿಲು, ಬೀಗ, ಎಲ್ಲ ಕನ್ನಡಿಯಂತೆ ಸ್ಪಷ್ಟ.

"ಭೇಷ್" ಎಂದ ಫ್ಯೂಸಪ್ಪ. ಅವನು ಕಾರ್ಖಾನೆಯ ಎಲೆಕ್ಟ್ರಿಷಿಯನ್. ಎಲ್ಲಿ ಏನೇ ಕೆಟ್ಟರೂ ಮೊದಲು ಫ್ಯೂಸ್ ಕಿತ್ತು ಆಮೇಲೆ ಕಾರಣ ಕೇಳುತ್ತಾನೆ, ಅದಕ್ಕೇ ಆ ಹೆಸರು. "ಇನ್ನೊಂದು ಪೆಟ್ಟಿಗೇನೂ ಮೇಜಿನ ಕೆಳಗಿತ್ತು ಅಮ್ಮ. ಅದೂ ಬೇಕಾಗುತ್ತೇನೋ ಅಂತ ಪ್ಲಗ್ ಹಾಕಿದೀನಿ."

ಬಗ್ಗಿ ನೋಡಿದೆ. ಜೇಡರ ಬಲೆ ಹೊದ್ದ ಆ ಪೆಟ್ಟಿಗೆಯನ್ನು ಇಟ್ಟವಳು ನಾನೇ. ತಾಮ್ರದ ಕೇಬಲ್ಲಿಗೆ ಕರೆಂಟ್ ಕೊಡಲು ಎರಡು ವರ್ಷದ ಹಿಂದೆ ಇಟ್ಟದ್ದು. ಇವರು ಎಳೆದ ತಂತಿ ಇನ್ನೂ ಅದಕ್ಕೇ ಸಿಕ್ಕಿಕೊಂಡಿತ್ತು. ಆ ಕಡೆಯ ತುದಿ ಬೀಗ ಹಾಕಿದ ಗುಂಡಿಯೊಳಗೆ, ಏನಕ್ಕೂ ಸೇರದೆ ನೇತಾಡುತ್ತಿರಬೇಕು.

ಆ ಹಳೆಯ ಪೆಟ್ಟಿಗೆಯ ಹಸಿರು ದೀಪ ಹತ್ತಿತು, ಆರಿತು. ಹತ್ತಿತು, ಆರಿತು. ಮತ್ತೊಮ್ಮೆ ಹತ್ತಿ ಆರಿತು. ಆಮೇಲೆ ಕತ್ತಲೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೂರು ಸಲ.

ಮೂರು ಸಲ ಎಂದರೆ ಅದು ನನಗೇ. ಏಕೆಂದು ಅರ್ಥವಾಗಬೇಕಾದರೆ ಇವರ ಒಂದು ಕಿತಾಪತಿಯ ಬಗ್ಗೆ ಹೇಳಬೇಕು. ಬೆರಳನ್ನು ಎಂಜಲು ಮಾಡಿಕೊಂಡು ಬರಿ ತಂತಿಗಳನ್ನು ಎರಡೂ ಕೈಯಲ್ಲಿ ಹಿಡಿದರೆ, ಒದ್ದೆ ಚರ್ಮದ ತಡೆ ಒಮ್ಮೊಮ್ಮೆ ಕ್ಯಾಮೆರಾದ ತಡೆಯಷ್ಟೇ ಇರುತ್ತದೆ. ಪೆಟ್ಟಿಗೆ ಮೋಸಹೋಗಿ ಕರೆಂಟ್ ಬಿಡುತ್ತದೆ. ಕೈಗೆ ಜುಮ್ ಎನ್ನುತ್ತದೆ, ಅಷ್ಟೇ. ಆದರೆ ಮನುಷ್ಯ ಕ್ಯಾಮೆರಾದಷ್ಟು ಕರೆಂಟ್ ತಿನ್ನುವುದಿಲ್ಲ. ಹಾಗಾಗಿ ಅರೆಕ್ಷಣದಲ್ಲಿ ಪೆಟ್ಟಿಗೆಗೆ ಅನುಮಾನ ಬಂದು ಕೈಬಿಡುತ್ತದೆ, ಮತ್ತೆ ತಡವುತ್ತದೆ. ಕ್ಯಾಮೆರಾ ಇದ್ದರೆ ದೀಪ ನಿಂತು ಉರಿಯುತ್ತದೆ. ಕೈ ಇದ್ದರೆ ಹತ್ತಿ ಆರುತ್ತದೆ.

ಮದುವೆಯಾದ ಹೊಸದರಲ್ಲಿ ಇವರು ಇದನ್ನು ತೋರಿಸಿ "ನೋಡು, ನನ್ನನ್ನೇ ಕ್ಯಾಮೆರಾ ಅಂದ್ಕೊಂಡಿದೆ" ಎಂದು ಮಗುವಿನಂತೆ ನಕ್ಕಿದ್ದರು. ಆಮೇಲೆ ಅದು ನಮ್ಮಿಬ್ಬರ ಗುಟ್ಟಾಯಿತು. ಮೂರು ಸಲ ಹತ್ತಿಸಿ ಕೈ ಬಿಟ್ಟರೆ, ಬಾ ಎಂದು ಅರ್ಥ. ಕೇಬಲ್ಲಿನ ಆ ತುದಿಯಿಂದ ಇವರು ನನ್ನನ್ನು ಊಟಕ್ಕೆ ಕರೆಯುತ್ತಿದ್ದದ್ದು ಹಾಗೆ.

ಅವತ್ತು ಬೆಳಿಗ್ಗೆ ನಾವು ಜಗಳವಾಡಿದ್ದೆವು. ಯಾವುದಕ್ಕೆಂದರೆ ಈಗ ನಾಚಿಕೆಯಾಗುತ್ತದೆ, ತಾಮ್ರ ಬೇಡ ಫೈಬರ್ ಹಾಕೋಣ ಎಂದು ನಾನು, ತಾಮ್ರವೇ ಸಾಕು ಎಂದು ಇವರು. ಇವರು ಪಂಪ್ ಮನೆಯ ಗುಂಡಿಗೆ ಇಳಿದು ಕೇಬಲ್ಲಿನ ತುದಿ ಕಟ್ಟುತ್ತಿದ್ದರು. ನಾನು ಇಲ್ಲಿ, ಇದೇ ಮೇಜಿನ ಹತ್ತಿರ ಮುಖ ಊದಿಸಿಕೊಂಡು ಕೂತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ದೀಪ ಮೂರು ಸಲ ಹತ್ತಿತು. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಹಾಗೆಯೇ ಎಷ್ಟೋ ಸಲ. ಪೂಸಿ ಹೊಡೆಯುತ್ತಿದ್ದಾರೆ, ಬೇಕಾದರೆ ತಾವೇ ಬರಲಿ ಎಂದುಕೊಂಡೆ. ಕೋಪದಲ್ಲಿ ಪ್ಲಗ್ ಕಿತ್ತು ಬಿಸಾಡಿ, ಬುತ್ತಿ ಬಿಚ್ಚಿ ಹೊಟ್ಟೆ ತುಂಬ ತಿಂದೆ.

ಆ ಹೊತ್ತಿಗೆ ಇವರು ಏಣಿಯಿಂದ ಜಾರಿ, ಕಾಲು ಮುರಿದುಕೊಂಡು ಗುಂಡಿಯಲ್ಲಿ ಬಿದ್ದಿದ್ದರು. ಫೋನ್ ನೀರುಪಾಲಾಗಿತ್ತು. ಪಂಪಿನ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ನೀರು ನಿಧಾನಕ್ಕೆ ಏರುತ್ತಿತ್ತು. ಸಂಜೆ ನಾನೇ ಹೋಗಿ ನೋಡಿದಾಗ ಎಲ್ಲ ಮುಗಿದಿತ್ತು. ಬಿದ್ದ ಮೇಲೆ ಕರೆದರೋ, ಬೀಳುವ ಮುಂಚೆ ಸುಮ್ಮನೆ ಆಟವಾಡಿದರೋ ಎಂಬುದೊಂದು ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಆಟವೇ ಇರಲಿ ಎಂಬ ಆಸೆಯನ್ನು ಹಿಡಿದುಕೊಂಡೇ ಎರಡು ವರ್ಷ ಬದುಕಿದ್ದೆ.

ದೀಪ ಮತ್ತೆ ಮೂರು ಸಲ ಹತ್ತಿತು. ನನ್ನ ಕೈ ತಾನಾಗಿಯೇ ಪ್ಲಗ್ಗಿನ ಕಡೆ ಹೋಯಿತು. ಅದನ್ನು ಕಂಡು ನನಗೇ ಹೇಸಿಗೆಯಾಯಿತು.

"ಗುಂಡಿಯ ಕೀಲಿ ಕೊಡಿ ಅಣ್ಣ" ಎಂದೆ.

"ಆ ಬಾಗಿಲು ಅವತ್ತಿಂದ ತೆಗೆದೇ ಇಲ್ಲ ಕಣಮ್ಮ. ನೀರಿನ ಪೈಪ್ ಕೂಡ ಬೇರೆ ಕಡೆ ತಿರುಗಿಸಿಬಿಟ್ರು. ಅಲ್ಲೇನಿದೆ ಈಗ?"

"ಕೊಡಿ" ಎಂದೆ. ನನ್ನ ಮುಖ ನೋಡಿ ಕೊಟ್ಟ. ನಾನು ಬಿಸಿಲಲ್ಲಿ ನೂರ ನಲವತ್ತು ಮೀಟರ್ ಓಡಿದೆ. ಇಷ್ಟೇ ದೂರ. ಅವತ್ತು ಓಡಿದ್ದರೆ ಎರಡು ನಿಮಿಷ ಹಿಡಿಯುತ್ತಿರಲಿಲ್ಲ.

ಬೀಗ ತುಕ್ಕು ಹಿಡಿದಿತ್ತು, ಕಷ್ಟಪಟ್ಟು ತಿರುಗಿತು. ಒಳಗೆ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ತಳದಲ್ಲಿ ಬೆರಳುದ್ದ ಧೂಳು, ಅದರ ಮೇಲೆ ಒಂದು ಇಲಿಯ ಹೆಜ್ಜೆಯೂ ಇಲ್ಲ. ಟಾರ್ಚ್ ಹಿಡಿದು ಏಣಿ ಇಳಿದೆ. ತೇವದಿಂದ ದೀಪ ಹತ್ತಿರಬಹುದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದಿದ್ದೆ. ಇಲ್ಲಿ ತೇವವೆಂಬುದೇ ಇರಲಿಲ್ಲ.

ಕೇಬಲ್ ನನ್ನ ಭುಜದ ಎತ್ತರದಲ್ಲಿ ನೇತಾಡುತ್ತಿತ್ತು. ಇವರು ಕೇಬಲ್ಲನ್ನು ಬ್ಲೇಡ್ ಹಿಡಿದು ನಾಜೂಕಾಗಿ ಬಿಡಿಸುತ್ತಿದ್ದವರು. ಅವಸರಕ್ಕೆ ನಾನು ಹಲ್ಲು ಹಾಕಿದರೆ ಗಂಟೆಗಟ್ಟಲೆ ಬೈಯುತ್ತಿದ್ದರು. ಈ ಕೇಬಲ್ಲಿನ ಸಿಪ್ಪೆಯ ಮೇಲೆ ಹಲ್ಲಿನ ಗುರುತುಗಳಿದ್ದವು. ಕಚ್ಚಿ, ಜಗ್ಗಿ, ಮತ್ತೆ ಕಚ್ಚಿ ತಂತಿಗಳನ್ನು ಹೊರಗೆ ತೆಗೆದಿದ್ದರು. ಆಟವಾಡುವವನು ಹಾಗೆ ಕಚ್ಚುವುದಿಲ್ಲ. ನನ್ನ ಆಸೆ ಅಲ್ಲಿಗೆ ಮುಗಿಯಿತು.

ಇನ್ನೊಂದನ್ನು ನೋಡಿದ್ದು ಆಮೇಲೆ. ಎರಡು ವರ್ಷ ಗಾಳಿಗೆ ಬಿದ್ದ ತಾಮ್ರ ಕಪ್ಪಾಗಬೇಕು, ಇಲ್ಲವೇ ಹಸಿರುಗಟ್ಟಬೇಕು. ಈ ತುದಿಗಳು ಈಗಷ್ಟೇ ಉಜ್ಜಿದ ಚೊಂಬಿನಂತೆ ಹೊಳೆಯುತ್ತಿದ್ದವು. ಬೆರಳು ಹಿಡಿಯುವ ಜಾಗದಲ್ಲಿ ತಂತಿ ಸವೆದು ಸಣ್ಣಗಾಗಿತ್ತು.

ನನಗೆ ಹೆದರಿಕೆಯಾಯಿತು. ಆದರೂ ಮೇಲೆ ಹತ್ತಿ ಓಡಲಿಲ್ಲ. ಬೆರಳು ಎಂಜಲು ಮಾಡಿಕೊಂಡು, ಸವೆದ ಆ ಜಾಗದಲ್ಲೇ ಎರಡೂ ಕೈಯಿಂದ ತಂತಿ ಹಿಡಿದೆ.

"ಬಂದೆ ರೀ" ಎಂದೆ. "ತಡವಾಯ್ತು."

ಬೆರಳಿಗೆ ಜುಮ್ ಎಂದಿತು. ಇನ್ನೇನು ಪೆಟ್ಟಿಗೆ ಕೈಬಿಡುತ್ತದೆ ಎಂದು ಕಾದೆ. ಕೈಯನ್ನು ಯಾವ ಪೆಟ್ಟಿಗೆಯೂ ಅರೆಕ್ಷಣಕ್ಕಿಂತ ಹೆಚ್ಚು ನಂಬುವುದಿಲ್ಲ. ಇದು ಬಿಡಲಿಲ್ಲ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಒಂದೇ ಸಮನೆ, ಮೆಲ್ಲಗೆ, ಯಾರೋ ಆ ತುದಿಯಲ್ಲಿ ಕೂತು ಹಿಡಿದುಕೊಂಡ ಹಾಗೆ ಅದು ಬರುತ್ತಲೇ ಇತ್ತು. ನಾನು ಅತ್ತುಬಿಟ್ಟೆ. ಎರಡು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ.

ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ಫ್ಯೂಸಪ್ಪ ಏದುಸಿರು ಬಿಡುತ್ತಾ ನಿಂತಿದ್ದ.

"ಏನಾಯ್ತಮ್ಮ? ನೀವು ಓಡಿದ್ದು ನೋಡಿ, ಇದೇನೋ ಹೊತ್ತಿಕೊಳ್ತು ಅಂದ್ಕೊಂಡು ಕಿತ್ತುಬಿಟ್ಟೆ."

ಅವನ ಕೈಯಲ್ಲಿ ಹಳೆಯ ಪೆಟ್ಟಿಗೆ ಇತ್ತು. ಪ್ಲಗ್ಗಿನ ವೈರನ್ನು ಅದರ ಸುತ್ತಲೇ ಸುತ್ತಿದ್ದ. ಜೇಡರ ಬಲೆಯೂ ಅಂಟಿಕೊಂಡೇ ಬಂದಿತ್ತು. ಮೇಜಿನ ಕೆಳಗೆ ತಂತಿಯ ಆ ತುದಿ ಈಗ ಏನಕ್ಕೂ ಸೇರದೆ ಬಿದ್ದಿರಬೇಕು.

ನಾನು ತಂತಿಯನ್ನು ಇನ್ನೂ ಹಿಡಿದೇ ಇದ್ದೆ. ಜುಮ್ ಎನ್ನುವುದು ನಿಂತಿರಲಿಲ್ಲ. ನಾನು ಕಿತ್ತು ಬಿಸಾಡಿದವಳು. ಇವರು ನನ್ನನ್ನು ಹಾಗೆ ಬಿಡಲಿಲ್ಲ.

ಕೊನೆಗೆ ನಾನೇ ಕೈ ತೆಗೆದೆ. ಹಳೆಯ ತಾಮ್ರ ಕಿತ್ತು ಕೊಡಬೇಕೆಂದು ಕರಾರಿನಲ್ಲಿತ್ತು. ಕೀಳಲಿಲ್ಲ. ಅದು ಇದ್ದಲ್ಲೇ ಇರಲಿ, ಯಾರಾದರೂ ಕೇಳಿದರೆ ನನಗೆ ಫೋನ್ ಮಾಡಿ ಎಂದು ಫ್ಯೂಸಪ್ಪನಿಗೆ ಹೇಳಿದೆ. ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಇವರ ಮೂರು ಅಂಗಿಗಳನ್ನು ಈಗಲೂ ತಿಂಗಳಿಗೊಮ್ಮೆ ಒಗೆದಿಡುತ್ತಾರೆ. ಬುತ್ತಿಯನ್ನು ತೆಗೆದುಕೊಂಡು ತೂಕ ನೋಡಿ "ಊಟ ಮಾಡಿಲ್ಲ" ಎಂದರು. ನಾನು ಅವರ ಎದುರಿಗೆ ನೆಲದ ಮೇಲೆ ಕೂತೆ.

"ಅತ್ತೆ, ಅವತ್ತು ಲೈನ್ ಸತ್ತಿರ್ಲಿಲ್ಲ."

ಎಲ್ಲವನ್ನೂ ಹೇಳಿದೆ. ಜಗಳ, ದೀಪ, ಮೂರು ಸಲದ ಅರ್ಥ, ಪ್ಲಗ್, ಹೊಟ್ಟೆ ತುಂಬ ತಿಂದದ್ದು, ಹಲ್ಲಿನ ಗುರುತು, ಇವತ್ತಿನದು. ಅವರು ಬೈಯಲಿ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತು. ಅವರು ಅಂಗಿಯ ತೋಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

"ಹಾಗಾದ್ರೆ ಕರೆದಿದ್ದ" ಎಂದರು.

"ಕರೆದಿದ್ರು."

"ಎಷ್ಟು ಹೊತ್ತು ಕರೆದ?"

ನನ್ನ ಬೆರಳ ತುದಿಗಳನ್ನು ನೋಡಿಕೊಂಡೆ. ಅವು ಇನ್ನೂ ಜುಮ್ ಎನ್ನುತ್ತಿದ್ದವು.

"ಇವತ್ತು ಮಧ್ಯಾಹ್ನದ ತನಕ" ಎಂದೆ.