ದೊಡ್ಡ ಗದ್ದುಗೆ

ಮಲ್ಲಣ್ಣ ಸತ್ತವನ ತಲೆಯ ಮೇಲಿನ ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದ. ಮೊದಲು ಸುತ್ತಿದವರು ತಪ್ಪು ಮಾಡಿರಲಿಲ್ಲ. ಬಹಳ ಚೆಂದ ಸುತ್ತಿದ್ದರು. ಅವನ ತಕರಾರೂ ಅದೇ ಆಗಿತ್ತು.

“ಇಷ್ಟು ದೊಡ್ಡ ರುಮಾಲು ಯಾಕ ಬೇಕು? ಮಣ್ಣಾಗ ಯಾರಿಗೆ ತೋರಸ್ತಾನ?” ಎಂದು ಗೊಣಗಿದ.

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಚಂದ್ರಾಮಪ್ಪ ಏನೂ ಅನ್ನಲಿಲ್ಲ. ಬದುಕಿದ್ದಾಗ ಒಂದು ಕಡೆ ಕೂತವನಲ್ಲ. ಬಾಯಿ ಮುಚ್ಚಿದವನಂತೂ ಅಲ್ಲವೇ ಅಲ್ಲ. ಈಗ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಗದ್ದಕ್ಕೆ ಅರಿವೆ ಕಟ್ಟಿಸಿಕೊಂಡು ಕೂತಿದ್ದ. ಅಷ್ಟು ಬಿಗಿದರೂ ತುಟಿಯ ಒಂದು ಮೂಲೆ ಮೇಲೆದ್ದಂತೆಯೇ ಮಲ್ಲಣ್ಣನಿಗೆ ಕಂಡಿತು.

ಇಬ್ಬರೂ ಕೊಳಕೂರಿನ ದಾಯಾದಿಗಳು. ಹಿಂದೆ ಒಡೆದು ಎರಡಾದ ಒಂದೇ ಮನೆಯವರು. ಹೊಲಕ್ಕೆ ಹೊಲ ತಾಗಿತ್ತು, ಗೋಡೆಗೆ ಗೋಡೆ ತಾಗಿತ್ತು, ಮಲ್ಲಣ್ಣನ ಹೊಟ್ಟೆಗೆ ಕಿಚ್ಚು ತಾಗಿತ್ತು. ಚಂದ್ರಾಮಪ್ಪನ ತೊಗರಿಗೆ ಹುಳ ಬೀಳುತ್ತಿರಲಿಲ್ಲ. ಅವನ ಎಮ್ಮೆ ಒದೆಯುತ್ತಿರಲಿಲ್ಲ. ತಹಸೀಲ್ದಾರರ ಕೆಮ್ಮು, ಪೇಶಕಾರನ ಉರ್ದು, ಸಂತೆಯಲ್ಲಿ ಬಳೆ ಮಾರುವ ನಜಮುನ್ನಿಸಾಳ ಕೂಗು, ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಊರು ಬಿದ್ದು ಬಿದ್ದು ನಗುತ್ತಿತ್ತು. ಮಲ್ಲಣ್ಣ ಮಾತಾಡಿದರೆ ಅದೇ ಊರು ಆಕಳಿಸುತ್ತಿತ್ತು.

ಈಗ ನೋಡಿದರೆ ಸಾವಿಗೂ ಜಾತ್ರೆಯಷ್ಟು ಜನ. ಚೌಡಾಪುರದವರು, ಗೊಬ್ಬೂರದವರು ಬಂಡಿ ಕಟ್ಟಿಕೊಂಡು ಬಂದಿದ್ದರು. ಎತ್ತು ಕಟ್ಟಲು ಅಲ್ಲಿ ಜಾಗ ಸಾಲದೆ ಮಲ್ಲಣ್ಣನ ಅಂಗಳದಲ್ಲೂ ಕಟ್ಟಿದ್ದರು. ತಾನು ಸತ್ತರೆ ಯಾರು ಯಾರು ಬಂದಾರು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ. ಎತ್ತುಗಳಿಗೆ ಧಾರಾಳ ಜಾಗ ಉಳಿಯಿತು.

ಅಂಥ ಮಲ್ಲಣ್ಣನಿಗೂ ಒಂದು ಹಿರಿಮೆ ಇತ್ತು. ಮನೆತನದವರನ್ನು ಹೂಳುವ ಹೊಲದಲ್ಲಿ ಎಲ್ಲರಿಗೂ ಒಂದೊಂದು ಮೋಟು ಕಲ್ಲಾದರೆ, ಒಬ್ಬನಿಗೆ ಮಾತ್ರ ಹಾಸುಬಂಡೆಯ ದೊಡ್ಡ ಗದ್ದುಗೆ. ಅದರಡಿ ಕೂತ ಹಿರಿಯನು ಮಲ್ಲಣ್ಣನ ಕವಲಿನವನು, ಚಂದ್ರಾಮಪ್ಪನ ಕವಲಿನವನಲ್ಲ. ಅದರ ಎಡಬದಿ ತನಗೇ ಎಂದು ಮಲ್ಲಣ್ಣ ವರ್ಷಗಳಿಂದ ಕಸ ಕಿತ್ತು ಹಸನು ಮಾಡಿ ಇಟ್ಟಿದ್ದ.

ಚಂದ್ರಾಮಪ್ಪನ ಹೆಂಡತಿ ಸುಂದರಬಾಯಿ ಒಳಗಿನಿಂದ ಬಂದು ಬಾಗಿಲಿಗೆ ನಿಂತಳು.

“ಭಾವಾರ, ಒಂದು ಮಾತು. ಅವ್ರು ಹೇಳಿ ಹೋಗ್ಯಾರ. ದೊಡ್ಡ ಗದ್ದಗಿ ಎಡಕ್ಕ ನನ್ನ ಕೂಡಸ್ರಿ ಅಂದಾರ.”

ಮಲ್ಲಣ್ಣನ ಕೈಯಿಂದ ಅರ್ಧ ಸುತ್ತಿದ ರುಮಾಲು ಜಾರಿತು.

*

ಹಿಂದೊಮ್ಮೆ, ಪ್ಲೇಗು ಊರಿನ ಹಿರಿಯರನ್ನು ಒಯ್ದ ವರ್ಷ, ಯಾವ ಕಲ್ಲಿನಡಿ ಯಾರಿದ್ದಾರೆಂದು ಹೇಳಲು ಉಳಿದವಳು ಅತ್ತೆ ಗುರುಶಾಂತಮ್ಮ ಒಬ್ಬಳೇ. ಅವಳೂ ಹೋದರೆ ಅಮಾವಾಸ್ಯೆಗೆ ಯಾರ ಹೆಸರು ಹೇಳಿ ಎಡೆ ಇಡುವುದು? ಇನ್ನೂ ಮೀಸೆ ಕಪ್ಪಿದ್ದ ದಾಯಾದಿಗಳಿಬ್ಬರೂ ಅವಳ ಕೈಹಿಡಿದು ಹೊಲಕ್ಕೆ ಕರೆತಂದರು.

“ಇಂವ ನಿಮ್ಮ ಮುತ್ಯಾ. ಮಾತಿಗೊಮ್ಮೆ ಖ್ಯಾಕರಸ್ತಿದ್ದ,” ಎಂದು ಅತ್ತೆ ಕೋಲಿನಿಂದ ಒಂದು ಕಲ್ಲು ತಟ್ಟಿದಳು.

ಚಂದ್ರಾಮಪ್ಪ ಗಂಟಲು ಕೆರೆದು ಖ್ಯಾಕರಿಸಿದ.

“ಹಾಂ, ಥೇಟ್ ಹಂಗೇ. ಇಕಿ ಅವನ ಹೇಣ್ತಿ. ಮೂಗಿನಾಗ ಮಾತಾಡ್ತಿದ್ಳು.”

“ಉಂಡಿರೇನು?” ಎಂದು ಚಂದ್ರಾಮಪ್ಪ ಮೂಗಿನಲ್ಲೇ ಗಂಡನ ಕಲ್ಲನ್ನು ವಿಚಾರಿಸಿದ. ಅತ್ತೆ ನಕ್ಕು ನಕ್ಕು ಸಾಕಾಗಿ ಬದುವಿನ ಮೇಲೆ ಕೂತುಬಿಟ್ಟಳು.

ಮಲ್ಲಣ್ಣನಿಗೆ ಉರಿಯಿತು. ಬದುಕಿದವರನ್ನು ನಗಿಸಿದ್ದು ಸಾಲದೆ ಸತ್ತವರನ್ನೂ ತನ್ನ ಕಡೆ ಮಾಡಿಕೊಳ್ಳುತ್ತಿದ್ದಾನೆ.

ಮೂಲೆಯ ದೊಡ್ಡ ಗದ್ದುಗೆ ಮಾತ್ರ ಉಳಿದಿತ್ತು. ಅದು ಯಾರದೆಂದು ಕೇಳಲು ಚಂದ್ರಾಮಪ್ಪ ಬದುವಿಗೆ ಹೋದ. ಅತ್ತೆ ಮೆಲ್ಲಗೆ ಏನೋ ಹೇಳಿದಳು. ಅವನು ನಗುತ್ತ ತಿರುಗಿ ಬರುವಷ್ಟರಲ್ಲಿ ಮಲ್ಲಣ್ಣ ತನ್ನ ಹೊಸ ಶಲ್ಯವನ್ನು ಗದ್ದುಗೆಗೆ ಹೊದಿಸಿ, ಹಣೆ ಹಚ್ಚಿ ಎದ್ದಿದ್ದ.

“ಏನೂ ಹೇಳಬ್ಯಾಡ. ಇಂವ ನಮ್ಮ ಕವಲಿನಾಂವ. ನಿಮ್ಮ ಕಡಿ ಇಷ್ಟು ದೊಡ್ಡ ಮನಷ್ಯಾ ಯಾರು ಹುಟ್ಟ್ಯಾರ?” ಎಂದ. ಕಣ್ಣಲ್ಲಿ ನೀರು ತುಂಬಿತ್ತು.

ಮಾತಿಗೆಂದು ಬಾಯಿ ತೆರೆದ ಚಂದ್ರಾಮಪ್ಪ ಅದನ್ನು ಮುಚ್ಚಿಕೊಂಡ. ಅವನ ಜನ್ಮದಲ್ಲೇ ಅಪರೂಪದ ಸಂಗತಿ.

“ಹೌದಣ್ಣ. ನಿಮ್ಮಾಂವನೇ. ನೀನೇ ಇಟಗೊ.”

“ಎಲ್ಲಾರ ದನಿ ತಗದಿ. ಇಂವಂದೂ ತಗಿ ನೋಡೂಣು.”

“ಇಂಥಾ ದೊಡ್ಡೋರ ದನಿ ನನಗ ಬರಂಗಿಲ್ಲಣ್ಣ.”

ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಮಲ್ಲಣ್ಣ ಗದ್ದುಗೆಗೆ ಹೋಳಿಗೆಯ ಎಡೆ ಇಟ್ಟ. ಚಂದ್ರಾಮಪ್ಪ ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದ; ಒಮ್ಮೊಮ್ಮೆ ಅವನ ಹೆಗಲು ಕುಲುಕುತ್ತಿತ್ತು. ಹೊಟ್ಟೆಕಿಚ್ಚಿಗೆ ಅಳುತ್ತಿದ್ದಾನೆಂದು ಮಲ್ಲಣ್ಣನಿಗೆ ಖಾತ್ರಿಯಾಗಿತ್ತು. ಆ ದಿನದ ಹೋಳಿಗೆ ಬಹಳ ರುಚಿಯಾಗಿರುತ್ತಿತ್ತು.

*

“ಆಗಂಗಿಲ್ರಿ. ಎಡಕ್ಕ ನನ್ನ ಜಾಗಾ ಅದ,” ಎಂದ ಮಲ್ಲಣ್ಣ.

ಚಂದ್ರಾಮಪ್ಪ ಕೂತಿದ್ದ ಹೂವಿನ ವಿಮಾನವನ್ನು ಹೊಲಕ್ಕೆ ಹೊತ್ತು ತಂದು ಬೇವಿನ ನೆರಳಿಗೆ ಇಳಿಸಿದ್ದರು. ಕುಣಿ ತೋಡಬೇಕಾದ ಹುಲೆಪ್ಪ ಗುದ್ದಲಿ ಊರಿಕೊಂಡು ಕಾಯುತ್ತಿದ್ದ.

“ಹಂಗಾರ ಬಲಕ್ಕ ಕೂಡಸೂಣೇನು?” ವಿಧಿ ಮಾಡಿಸಲು ಬಂದ ಅಯ್ಯನವರು ಕೇಳಿದರು.

“ಬಲಕ್ಕ ನನ್ನ ಹೇಣ್ತಿ.”

“ಗುರಮ್ಮಗ ಏನಾಗ್ಯದೋ? ಗಟ್ಟಿ ಅದಾಳಲ್ಲ.”

“ಮುಂದ ಬೇಕಾಗ್ತದ್ರಿ.”

“ನಂದೇನೂ ಅವಸರಿಲ್ರಿ,” ಎಂದಳು ಹೆಂಗಸರ ನಡುವಿನಿಂದ ಗುರಮ್ಮ.

ಮಲ್ಲಣ್ಣ ಗದ್ದುಗೆಗೆ ಒಂದು ಸುತ್ತು ಬಂದ. ಜಾಗ ಕೊಡದಿದ್ದರೆ ಊರು ಉಗಿಯುತ್ತದೆ. ಕೊಟ್ಟರೆ ಇವನು ತನ್ನ ಹಿರಿಯನ ಬಗಲಿಗೆ ಸರಿಸಮನಾಗಿ ಕೂರುತ್ತಾನೆ, ಅದೂ ತನಗಿಂತ ಮೊದಲು. ಗದ್ದುಗೆಯ ಮುಂಬದಿಗೆ ಬಂದಾಗ ಅವನ ಹೊಟ್ಟೆ ತಣ್ಣಗಾಯಿತು.

“ಇಲ್ಲಿ ತೋಡು ಹುಲೆಪ್ಪ. ನಮ್ಮ ಗದ್ದಗಿ ಮುತ್ಯಾನ ಪಾದದ ಮುಂದ. ಕೈಮುಗದು ಕೂಡ್ಲಿ.”

ಸುಂದರಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಯಾಕಬೇ?”

“ಏನಿಲ್ರಿ ಭಾವಾರ. ‘ಎಡಕ್ಕ ಒಲ್ಲೆ ಅಂತಾನ, ಬಲಕ್ಕ ಗುರಮ್ಮನ್ನ ಕೂಡಸ್ತಾನ, ಕಡೀಕ ಪಾದದ ಮುಂದ ಕೊಡ್ತಾನ, ನೀ ತಕರಾರು ಮಾಡಬ್ಯಾಡ’ ಅಂದಿದ್ರು. ನಿಮ್ಮ ದನೀಲೇ ಅಂದಿದ್ರು.”

ಬಹಳ ಹೊತ್ತಾದರೂ ಅವಳ ಮಾತು ಮಲ್ಲಣ್ಣನಿಗೆ ಅರಗಿರಲಿಲ್ಲ; ಅಷ್ಟರಲ್ಲಿ ಎದೆಯುದ್ದ ಇಳಿದಿದ್ದ ಹುಲೆಪ್ಪನ ಗುದ್ದಲಿ ಠಣ್ ಎಂದಿತು.

“ನಿಮ್ಮ ಮುತ್ಯಾನ ಮೈಮ್ಯಾಲ ಬಂಗಾರ ಇತ್ತೇನ್ರಿ ಮಾಲಕ್ರ?”

“ಇದ್ದೇ ಇರ್ತದ,” ಎಂದು ಮಲ್ಲಣ್ಣ ಕೂಡಿದವರತ್ತ ಒಮ್ಮೆ ನೋಡಿದ.

ಹುಲೆಪ್ಪ ಬಗ್ಗಿ ಕೈಯಿಂದ ಮಣ್ಣು ಕೆದರಿದ. “ಹಿತ್ತಾಳಿ ಅದ್ರಿ.” ತುಸು ತಡೆದು ಕೇಳಿದ: “ನಿಮ್ಮ ಮುತ್ಯಾಗ ಕೋಡು ಇದ್ದವೇನ್ರಿ?”

ಎಲ್ಲರೂ ಬಗ್ಗಿದರು. ಉದ್ದ ಮೂತಿಯ ಬುರುಡೆ, ಎರಡು ಕೋಡು, ಕೋಡಿನ ತುದಿಗೆ ಹಿತ್ತಾಳೆಯ ಕೊಂಬಣಸು.

“ಗುರುಶಾಂತತ್ತಿ ಅವತ್ತೇ ಹೇಳಿದ್ರಂತ್ರಿ,” ಎಂದಳು ಸುಂದರಬಾಯಿ. “ಎರಡೂ ಮನಿ ಒಂದಿದ್ದಾಗ ಬಾವಿ ನೀರು ಎಳದು ಎಳದು ಸತ್ತ ಎತ್ತು. ಹಿರ್ಯಾರು ಅದಕ್ಕ ವಿಭೂತಿ ಹಚ್ಚಿ, ಮಂದಿಗಿ ಉಣಸಿ, ಗದ್ದಗಿ ಕಟ್ಟಸಿದ್ರಂತ.”

“ಮತ್ತ ನನಗ ಯಾಕ ಹೇಳ್ಲಿಲ್ಲ?”

“ಹೇಳಾಕೇ ಬಂದಿದ್ರಂತ್ರಿ. ನೀವು ಶಲ್ಯ ಹೊಚ್ಚಿ ಅಳಾಕತ್ತಿದ್ರಂತ. ಅಣ್ಣಗ ಇದೊಂದರ ಇರ್ಲಿ ಅಂತ ಬಿಟ್ಟರು. ಈಗ ಸಾಯೂ ಮುಂದ, ಅಣ್ಣ ಎತ್ತಿನ ಬಾಜೂಕ ಒಬ್ಬನೇ ಕೂಡೂದು ಬ್ಯಾಡ, ಮೊದಲು ನಾ ಕೂಡ್ತೇನಿ ಅಂದ್ರು.”

ಸಾವಿನ ಮುಂದೆ ನಗುವಂತಿಲ್ಲ. ಅಯ್ಯನವರು ಬಿಲ್ವಪತ್ರೆಯಲ್ಲಿ ಹುಳ ಹುಡುಕತೊಡಗಿದರು. ಭಜನೆಯವನೊಬ್ಬ ತಾಳವನ್ನು ಬಾಯಿಗೆ ಒತ್ತಿಕೊಂಡ.

ಮಲ್ಲಣ್ಣ ಕೋಡುಗಳನ್ನೇ ನೋಡುತ್ತಿದ್ದ. ಗಂಟಲಲ್ಲಿ ಮೊದಲು ಕೆಮ್ಮಿನಂಥದೇನೋ ಎದ್ದಿತು.

“ಎತ್ತಿಗಿ ಹೋಳಗಿ ಇಟ್ಟೀನಲೇ,” ಎಂದ. “ಇಪ್ಪತ್ತು ವರ್ಷ. ತುಪ್ಪ ಹಾಕಿ ಇಟ್ಟೀನಿ.”

ಆಮೇಲೆ ಅದು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕುಣಿಯ ಅಂಚಿಗೆ ಕುಸಿದು, ಬೇವಿನ ಮರದ ಹಕ್ಕಿ ಹಾರುವಂತೆ ನಕ್ಕ. ಅವನ ಹಿಂದೆ ಗುರಮ್ಮ, ಅಯ್ಯನವರು, ಗೊಬ್ಬೂರದವರು, ಚೌಡಾಪುರದವರು ಎಲ್ಲರೂ ನಕ್ಕರು. ಯಾರ ನಗುವೂ ಅವನ ನಗುವಿನಷ್ಟು ಎತ್ತರಕ್ಕೆ ಹೋಗಲಿಲ್ಲ.

ಹುಲೆಪ್ಪ ಎತ್ತಿನ ಮೇಲೆ ಮಣ್ಣೆಳೆದು, ಅದರ ಮಗ್ಗುಲಿಗೇ ಕುಣಿ ಅಗಲಿಸಿ ಮೇಲೆ ಬಂದ. ಮಲ್ಲಣ್ಣ ಧೋತರ ಎತ್ತಿ ಕಟ್ಟಿ ತಾನೇ ಒಳಗಿಳಿದ.

“ಕೊಡ್ರಿ ಅವನ್ನ.”

ಮೇಲಿನವರು ಚಂದ್ರಾಮಪ್ಪನನ್ನು ಮೆಲ್ಲಗೆ ಇಳಿಸಿದರು. ಮಲ್ಲಣ್ಣ ಅವನನ್ನು ಎದೆಗೆ ಒರಗಿಸಿಕೊಂಡು ಕೂರಿಸಿ, ಎದುರಿಗೆ ಮಂಡಿಯೂರಿ ಎರಡೂ ತೋಳು ಹಿಡಿದುಕೊಂಡ. ನಗು ಇನ್ನೂ ನಿಂತಿರಲಿಲ್ಲ. ಅವನ ಮೈ ಕುಲುಕಿದಂತೆಲ್ಲ ಎದುರಿನ ತಲೆಯೂ ಹೌದು, ಹೌದು ಎಂದು ಅಲುಗುತ್ತಿತ್ತು.