ಸುಗ್ರಾ ಬೇಗಂ ಕೆಡವಿಸಿದ ಪಡಸಾಲೆ

ಸುಗ್ರಾ ಬೇಗಂ ಮನೆಗೆ ಹತ್ತಿದ್ದು ಬೆಂಕಿ. ಅದನ್ನು ನೆಲಕ್ಕೆ ಕೆಡವಿದ್ದು ಬಡಗಿ ಮೌನಪ್ಪನ ಹಾರೆ. ಇವೆರಡರ ನಡುವೆ ವಿಮೆ ಕಂಪನಿಯವರು ಇಷ್ಟು ದೊಡ್ಡ ಕಂದಕ ತೋಡಿಯಾರೆಂದು ಮಾನ್ವಿಯಲ್ಲಿ ಯಾರೂ ಎಣಿಸಿರಲಿಲ್ಲ.

ಶಕ್ತಿನಗರದಲ್ಲಿ ಕರೆಂಟು ತಯಾರಾಗಲು ಶುರುವಾದ ಮರುವರ್ಷದ ಮಾತು. ಅಲ್ಲಿ ಕೆಲಸಕ್ಕಿದ್ದ ತಮ್ಮ ಸಲಾವುದ್ದೀನ್ ಹಟ ಹಿಡಿದು ಅಕ್ಕನ ಮನೆಗೆ ಬೆಂಕಿ ವಿಮೆ ಮಾಡಿಸಿದ್ದ. "ಮಣ್ಣಿನ ಮನಿಗಿ ಎಂಥಾ ವಿಮೆಯೋ" ಎಂದು ಆಕೆ ನಕ್ಕಿದ್ದಳು. ಗಂಡ ತೀರಿದ ಮೇಲೆ ರಜಾಯಿ ಹೊಲಿದು ಉಳಿಸಿಕೊಂಡ ಮನೆ ಅದು. ಬೇಸಿಗೆಯ ಒಂದು ಮಧ್ಯಾಹ್ನ ಒಲೆಯ ಕಿಡಿ ಮೂಲೆಯಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆಗೆ ಹಾರಿತು. ನೋಡನೋಡುತ್ತ ಅಡುಗೆಮನೆ ಧಗಧಗ ಉರಿಯಿತು. ಗಾಳಿ ಓಣಿಯ ಕಡೆಗೇ ಬೀಸುತ್ತಿತ್ತು.

ಗೋಡೆಗೆ ಗೋಡೆ ಅಂಟಿದ ಓಣಿ. ಎಲ್ಲವೂ ತೊಲೆಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳು. ಅಲ್ಲಿ ಬೆಂಕಿ ಬಿದ್ದರೆ ನೀರಿಗಾಗಿ ಕಾಯುವುದಿಲ್ಲ. ಬೆಂಕಿಗಿಂತ ಒಂದು ಖೋಲಿ ಮುಂದೆ ಹೋಗಿ ತೊಲೆ ಕೀಳುತ್ತಾರೆ. ಮಾಳಿಗೆಯ ಮಣ್ಣು ದಬದಬ ಕುಸಿದು ಬೆಂಕಿಯ ದಾರಿಯನ್ನೇ ಹೂಳುತ್ತದೆ. ಆದರೆ ಮನೆಯವರು ಬಾಯಿಬಿಟ್ಟು ಹೇಳದೆ ಇನ್ನೊಬ್ಬರ ಮಾಳಿಗೆಗೆ ಹಾರೆ ಹಾಕುವಂತಿಲ್ಲ. ಮೌನಪ್ಪ ಪಡಸಾಲೆಯ ಮಾಳಿಗೆ ಏರಿ ನಿಂತು ಕೂಗಿದ:

"ಯಕ್ಕಾ, ಏನಂತೀ? ಲಗೂನ ಹೇಳು!"

ಆ ಪಡಸಾಲೆಯ ತೇಗದ ತೊಲೆಗಳನ್ನು ಗಂಡ ಬಂಡಿಯ ಮೇಲೆ ಹೇರಿಸಿ, ದಾರಿಯುದ್ದಕ್ಕೂ ಜೊತೆಗೆ ನಡೆದು ಬಂದಿದ್ದ. ಸುಗ್ರಾ ಬೇಗಂ ಒಮ್ಮೆ ಅತ್ತ ನೋಡಿದಳು. ಹೊಗೆ ಕಣ್ಣಿಗೆ ಅಡರಿತು.

"ನನ್ನ ಮಾರಿ ಏನ್ ನೋಡ್ತೀಲೇ, ಕೆಡವು!"

ಪಡಸಾಲೆ ಬಿತ್ತು. ಓಣಿ ಉಳಿಯಿತು.

ರಾಯಚೂರಿನಿಂದ ವಿಮೆ ಕಂಪನಿಯ ಸರ್ವೇ ಸಾಹೇಬ ಬಂದ. ಅಡುಗೆಮನೆಯ ಬೂದಿ ನೋಡಿ ತಲೆಯಾಡಿಸಿದ. ಪಡಸಾಲೆಯಲ್ಲಿ ಮಣ್ಣಿನಡಿಯ ತೊಲೆಯನ್ನು ಉಗುರಿನಿಂದ ಕೆರೆದು ನೋಡಿದ.

"ಇದು ಸುಟ್ಟೇ ಇಲ್ಲಲ್ಲಮ್ಮಾ."

"ಸುಡಬಾರದು ಅಂತನ ಕೆಡವಿದ್ದು, ಸಾಹೇಬ್ರ."

"ವಿಮೆ ಇರೋದು ಸುಟ್ಟಿದ್ದಕ್ಕ. ಕೆಡವಿದ್ದಕ್ಕಲ್ಲ." ಆಮೇಲೆ ದನಿ ತಗ್ಗಿಸಿದ. "ಒಂದು ಹಾದಿ ಅದ. 'ನನ್ನ ಕೇಳದನ ಮೌನಪ್ಪ ಕೆಡವಿದ' ಅಂತ ನೀವು ಹೇಳಿಕಿ ಕೊಡ್ರಿ. ಕಂಪನಿ ನಿಮಗ ಕೊಟ್ಟು, ಅವನ ಕಡಿಂದ ವಸೂಲಿ ಮಾಡ್ಕೊಂತದ."

"ಹೇಳಿದಾಕಿ ನಾನು. ಹಂಗ ಬರಕೊಳ್ರಿ."

"ಹಂಗ ಬರದ್ರ ಪಡಸಾಲಿಗಿ ಏನೂ ಸಿಗಂಗಿಲ್ಲ."

"ಬರಕೊಳ್ರಿ ಅಂದೆ."

ಸುದ್ದಿ ಕೇಳಿ ಮೌನಪ್ಪ ಸಂಜೆಗೆ ಬಂದು ಕುಕ್ಕರಗಾಲಲ್ಲಿ ಕೂತ. "ನನ್ನ ಹೆಸರು ಹೇಳಿಬಿಡು ಯಕ್ಕಾ. ಮಳಿ ಬರಾಕತ್ತದ, ನಿನಗ ಸೂರು ಬೇಕು. ನನ್ನ ಹತ್ರ ಏನದ ವಸೂಲಿ ಮಾಡಾಕ? ಉಳಿ, ಬಾಚಿ ಒಯ್ತಾರ, ಒಯ್ಲಿ."

"ಬಾಯಿ ಮುಚ್ಚಲೇ! ನಿನ್ನ ಬಾಚಿ ಹೋದ್ರ ನನ್ನ ಮನಿಗಿ ತೊಲಿ ಯಾರು ಕೂಡಸ್ತಾರ, ನಿಮ್ಮಪ್ಪ?"

ಮೊದಲ ಮಳೆ ಅಂಗಳದಲ್ಲಿ ಸೂರಿಗೆಂದು ಕಟ್ಟಿದ್ದ ತಾಡಪತ್ರಿಯ ಮೇಲೆಯೇ ಸುರಿಯಿತು. ಎದುರು ಮನೆಯ ಖಾಸಿಂ ಬೀ ಬಾಗಿಲಲ್ಲಿ ನಿಂತು, "ನಿನ್ನ ಹಟ ಹೊಚ್ಚಿಕೊಂಡ್ರ ಬೆಚ್ಚಗ ಆಗ್ತದೇನ ಬೇ?" ಎಂದಳು.

"ನೀ ಒಣ ನೆಲದಾಗ ನಿಂತು ಮಾತಾಡಾಕತ್ತೀಯಲ್ಲ, ಅದು ನನ್ನ ಪಡಸಾಲಿ ಬಿದ್ದಿದ್ದಕ್ಕ. ತಿಳೀತಾ?"

ಖಾಸಿಂ ಬೀ ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ಬಿಸಿ ರೊಟ್ಟಿ ತಂದಿಟ್ಟು ಹೋದಳು.

ಮರುದಿನ ಸುಗ್ರಾ ಬೇಗಂ ಅರ್ಧ ಹೊಲಿದ ರಜಾಯಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ವಿಮೆ ಕಚೇರಿಯ ಮ್ಯಾನೇಜರ್ ನಿಧಾನದ ಮನುಷ್ಯ. ಎಲ್ಲ ಕೇಳಿಸಿಕೊಂಡು, "ನಿಮ್ಮ ಕೈಯಾರೆ ಕೆಡವಿಸಿದ್ದಕ್ಕ ಕಂಪನಿ ಯಾಕ ಕೊಡಬೇಕಮ್ಮಾ?" ಎಂದ.

"ಯಾವೂರ್ರೀ ನಿಮ್ಮದು?"

"ದೇವದುರ್ಗ."

"ಅಲ್ಲಿ ಮಣ್ಣಿನ ಮಾಳಿಗಿ ಇಲ್ಲೇನು? ನಿಮ್ಮ ಮನಿಗಿ ಬೆಂಕಿ ಬಿದ್ದಿದ್ರ ನಿಮ್ಮವ್ವ ಏನು ಮಾಡ್ತಿದ್ಲು? ರಾಯಚೂರಿಂದ ಸಾಹೇಬ್ರು ಬರ್ಲಿ ಅಂತ ಕುಂದರ್ತಿದ್ಲೇನು?"

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡ. "ಅದು ಖರೆ. ಆದ್ರ ಕಾಯ್ದೆ..."

"ಹಂಗಾದ್ರ ಒಂದು ಕಾಗದ ಕೊಡ್ರಿ. ವಿಮೆ ಇದ್ದವರು ಬೆಂಕಿ ಬಿದ್ರ ಮಾಳಿಗಿ ಕೆಡವಬ್ಯಾಡ್ರಿ, ಓಣಿ ಸುಟ್ರ ಸುಡ್ಲಿ ಅಂತ ಬರದು ಸಹಿ ಹಾಕ್ರಿ. ಮಾನ್ವಿ ಚಾವಡಿ ಗ್ವಾಡಿಗಿ ಹಚ್ಚತೀನಿ."

"ಅಂಥಾದ್ದು ಬರದು ಕೊಡಾಕ ಬರಂಗಿಲ್ಲ."

"ಬಾಯಿಲೆ ಹೇಳಾಕ ಬರ್ತದ, ಕೈಲೆ ಬರಿಯಾಕ ಬರಂಗಿಲ್ಲ! ಬರಿಯೋತನ ಇಲ್ಲೇ ಕುಂತಿರ್ತೀನಿ."

ಅಲ್ಲಿಯೇ ಬೆಂಚಿನ ಮೇಲೆ ರಜಾಯಿ ಹರಡಿ ಸೂಜಿ ತೆಗೆದಳು. ಬಂದವರು ಕೇಳುತ್ತಿದ್ದರು, ಆಕೆ ಹೊಲಿಯುತ್ತಲೇ ಎಲ್ಲರಿಗೂ ಹೇಳುತ್ತಿದ್ದಳು. ಸಂಜೆಯ ಬಸ್ಸಿಗೆ ಹೋದವಳು ಮತ್ತೆ ಬೆಳಗಿನ ಬಸ್ಸಿಗೆ ಬಂದಳು. ರಜಾಯಿ ಮುಗಿಯುತ್ತ ಬಂದರೂ ಮ್ಯಾನೇಜರ್ ಆ ಕಾಗದ ಬರೆಯಲಿಲ್ಲ. ಬರೆಯುವ ಧೈರ್ಯ ಅವನಿಗಿರಲಿಲ್ಲ. ಕಡೆಗೆ ಸರ್ವೇ ಸಾಹೇಬನನ್ನು ಜೀಪಿನಲ್ಲಿ ಕೂರಿಸಿಕೊಂಡು ತಾನೇ ಮಾನ್ವಿಗೆ ಬಂದ.

ಪಕ್ಕದ ಮಾಳಿಗೆ ಹತ್ತಿ ನಿಂತು ನೋಡಿದ. ಅಡುಗೆಮನೆಯಿಂದ ಮಸಿ ಹರಿದು ಬಂದು ಪಡಸಾಲೆಯ ಮಣ್ಣುಗುಡ್ಡೆಗೆ ತಲೆ ಬಡಿದು ನಿಂತಿತ್ತು. ಅದರಾಚೆಗೆ ಸಾಲು ಮಾಳಿಗೆಗಳು, ಬಿಸಿಲು ಕಂಡು ಒಣಗಲು ಹಾಕಿದ ಮೆಣಸಿನಕಾಯಿ, ಹಾಸಿಗೆ, ಹಪ್ಪಳ.

"ನಮ್ಮವ್ವನೂ ಕೆಡವು ಅಂತಿದ್ಲು," ಎಂದು ಸರ್ವೇ ಸಾಹೇಬನ ಕಡೆ ತಿರುಗಿದ. "ಬೆಂಕಿ ತಡಿಯಾಕ ಹೋಗಿದ್ದೂ ಬೆಂಕಿಗೇ ಹೋದಂಗ. ಪಡಸಾಲಿ ಸೇರಿಸಿ ಬರೀರಿ. ಇದನ್ನ ಮ್ಯಾಲಿನವರಿಗಿ ನಾ ಹೇಳ್ತೀನಿ."

"ಕೆಡವಿಸಿದಾಕಿ ನಾನು ಅಂತನೂ ಇರ್ಲಿ," ಎಂದಳು ಸುಗ್ರಾ ಬೇಗಂ ಕೆಳಗಿನಿಂದ.

"ಇರ್ತದಮ್ಮಾ, ಇರ್ತದ!"

ಮಳೆಗಾಲದ ನಡುವೆ ಸಿಕ್ಕ ಬಿಡುವಿನಲ್ಲಿ ಮೌನಪ್ಪ ಅದೇ ತೇಗದ ತೊಲೆಗಳನ್ನು ಮತ್ತೆ ಗೋಡೆಗೆ ಏರಿಸಿದ. ಸುಗ್ರಾ ಬೇಗಂ ಸೊಂಟಕ್ಕೆ ಸೆರಗು ಬಿಗಿದು ಕೆಳಗೆ ನಿಂತಿದ್ದಳು.

"ಗಟ್ಟಿ ಆತೇನಲೇ?"

"ಆನಿ ನಿಂತ್ರೂ ಅಳ್ಳಾಡಂಗಿಲ್ಲ ಯಕ್ಕಾ."

"ಹಂಗಾದ್ರ ಕೆಡವಾಕ ಹಾರಿ ಎಲ್ಲಿ ಹಾಕಬೇಕು ತೋರ್ಸು. ಮುಂದಿನ ಸಲ ನೀ ಊರಾಗ ಇಲ್ಲದಿದ್ರ ನಾನ ಹತ್ತತೀನಿ."