ಹೆಣ್ಣು ಪಾರ್ಟಿನ ದತ್ತಿ

ಆವತ್ತು ಬೆಳಗಿನಿಂದ ಆವುಲಪ್ಪನ ಕಾಲು ಒಂದು ಕಡೆ ನಿಲ್ಲಲಿಲ್ಲ. ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ಅವನ ಟೈಲರ್ ಅಂಗಡಿ. ಮಿಷನ್ನಿನ ಮುಂದೆ ಕೂರುತ್ತಾನೆ, ನಾಲ್ಕು ಹೊಲಿಗೆ ಹಾಕುತ್ತಾನೆ, ಎದ್ದು ಬಾಗಿಲಿಗೆ ಬಂದು ಚಿಕ್ಕಬಳ್ಳಾಪುರದ ಬಸ್ಸು ಬಂತಾ ಅಂತ ಕತ್ತು ಚಾಚುತ್ತಾನೆ, ಮತ್ತೆ ಹೋಗಿ ಕೂರುತ್ತಾನೆ. ಸಾದಲಿಯ ಮದುವೆ ಮನೆಯವರ ರವಿಕೆಗೆ ಎಡಗಡೆ ತೋಳನ್ನು ಬಲಗಡೆಗೆ ಸೇರಿಸಿಬಿಟ್ಟ. ಇಪ್ಪತ್ತು ವರ್ಷದ ಕಸುಬಿನಲ್ಲಿ ಇಂಥ ಎಡವಟ್ಟು ಆಗಿದ್ದೇ ಇಲ್ಲ. ತನ್ನನ್ನೇ ಬೈದುಕೊಳ್ಳುತ್ತಾ ಹೊಲಿಗೆ ಬಿಚ್ಚಲು ಕೂತ.

ನಿಜ ಹೇಳಬೇಕೆಂದರೆ ಆ ಬಸ್ಸು ಬರುವುದೇ ಅವನಿಗೆ ಬೇಕಿರಲಿಲ್ಲ. ಗೌರಿಬಿದನೂರಿನ ಒಂದು ಹುಡುಗಿ ತನ್ನ ಅಪ್ಪನ ಜೊತೆ ಅದರಲ್ಲಿ ಬರುವವಳಿದ್ದಳು. ನಾಟಕದಲ್ಲಿ ಹೆಣ್ಣು ಪಾರ್ಟು ಮಾಡಲು ಅವಳು ಲಾಯಕ್ಕೋ ಅಲ್ಲವೋ ಅಂತ ಆವುಲಪ್ಪ ಪರೀಕ್ಷೆ ಮಾಡಬೇಕಿತ್ತು. ಹೌದು ಸ್ವಾಮಿ, ಸರಿಯಾಗೇ ಓದಿದಿರಿ. ಹುಡುಗಿಗೆ ಹೆಣ್ಣು ಪಾರ್ಟು ಬರುತ್ತದೋ ಇಲ್ಲವೋ ನೋಡುವವನು ಐವತ್ಮೂರು ವರ್ಷದ, ಹೊಟ್ಟೆ ಬಂದ ಗಂಡಸು!

ಅದು ಹೇಗೆ ಅಂತ ಹೇಳಿಬಿಡುತ್ತೇನೆ. ಕಂಪನಿ ನಾಟಕಗಳ ಕಾಲದಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಈ ನಾಲ್ಕು ತಾಲ್ಲೂಕಿನಲ್ಲಿ ರಾಣಿ ಪಾರ್ಟು ಅಂದರೆ ಆವುಲಪ್ಪ. ಮಗ ಸತ್ತು ರಾಣಿ ಅಳುವ ಸೀನು ನೋಡಲಿಕ್ಕೆ ಅಂತಲೇ ಜನ ಗಾಡಿ ಕಟ್ಟಿಕೊಂಡು ಬರೋರು. ಬಾಯಿ ಬಡಿದುಕೊಂಡು ಅಳುವ ರಾಣಿಯರು ಬೇಕಾದಷ್ಟು ಜನ ಇದ್ದರು. ಇವನ ರಾಣಿ ಸದ್ದೇ ಮಾಡುತ್ತಿರಲಿಲ್ಲ. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು, ತಲೆ ತಗ್ಗಿಸಿ, ಕಂಬಕ್ಕೆ ಒರಗಿ ನಿಂತು ಬರೀ ನಡುಗುತ್ತಿದ್ದಳು. ಹಾರ್ಮೋನಿಯಂ ಮೇಷ್ಟ್ರು ಕೂಡ ಕೈ ತೆಗೆದುಬಿಡೋರು. ಗಂಡಸರು ಮೂಗು ಸೀಟುವುದು ಬಿಟ್ಟರೆ ಡೇರೆಯಲ್ಲಿ ಬೇರೆ ಸದ್ದಿಲ್ಲ.

ಹಾಗೆ ಅಳುತ್ತಿದ್ದವರಲ್ಲಿ ಮೊದಲಿಗರು ರೇಷ್ಮೆ ಗೂಡಿನ ವ್ಯಾಪಾರಿ ವೆಂಕಟರವಣಪ್ಪನವರು. ಗೂಡು ಕೊಳ್ಳಲು ಯಾವ ಊರಿಗೆ ಹೋಗಿದ್ದರೂ ಸರಿ, ಆ ನಾಟಕ ಇದೆ ಅಂದರೆ ಮುಂದಿನ ಸಾಲಿನಲ್ಲಿ ಹಾಜರು. ಸಿನಿಮಾ ಬಂದು ಕಂಪನಿ ಮುಳುಗಿದಾಗ ಆವುಲಪ್ಪನಿಗೆ ಹೊಲಿಗೆ ಮಿಷನ್ನು ಕೊಡಿಸಿದ್ದೂ ಅವರೇ. ಸಾಯುವ ಮುಂಚೆ ವಿಶ್ವವಿದ್ಯಾನಿಲಯಕ್ಕೆ ಒಂದು ದತ್ತಿ ಬರೆದಿಟ್ಟರು. ಅಲ್ಲಿ ಆಗಷ್ಟೇ ನಾಟಕದ ಡಿಪ್ಲೊಮಾ ಶುರುವಾಗಿತ್ತು. ದತ್ತಿಯ ಬಡ್ಡಿಯಲ್ಲಿ ಪ್ರತಿ ವರ್ಷ ಈ ನಾಲ್ಕು ತಾಲ್ಲೂಕಿನ ಒಬ್ಬರಿಗೆ ಫೀಜು, ಹಾಸ್ಟೆಲ್ಲು. ಷರತ್ತು ಒಂದೇ. ಅವರಿಗೆ ಹೆಣ್ಣು ಪಾರ್ಟು ಬರಬೇಕು, ಬರುತ್ತೆ ಅಂತ ಆವುಲಪ್ಪ ನೋಡಿ ಸಹಿ ಹಾಕಬೇಕು.

ಮೊದಲ ವರ್ಷ ಆವುಲಪ್ಪ ಗಾಳಿಯಲ್ಲಿ ತೇಲಿದ. ಚಿಂತಾಮಣಿಯಿಂದ ಒಬ್ಬ ಹುಡುಗ ಬಂದ, ಒಳ್ಳೇ ನಡಿಗೆ, ಒಳ್ಳೇ ಕಂಠ, ಸಂತೋಷವಾಗಿ ಸಹಿ ಹಾಕಿಕೊಟ್ಟ. ಪುಣ್ಯಾತ್ಮ ಆರೇ ತಿಂಗಳಿಗೆ ಕೋರ್ಸು ಬಿಟ್ಟು ಕರೆಂಟು ಆಫೀಸಿನಲ್ಲಿ ಮೀಟರ್ ರೀಡರ್ ಆದ. ಹೋದ ವರ್ಷ, ಅಂದರೆ ಅರವತ್ತೆರಡರಲ್ಲಿ, ಒಬ್ಬನೂ ಬರಲಿಲ್ಲ. ಗಂಡುಹುಡುಗರಿಗೆ ಸೀರೆ ಉಡುವುದು ನಾಚಿಕೆಯಾಗಿಹೋಗಿತ್ತು. ಎರಡು ವರ್ಷ ಸತತವಾಗಿ ಯಾರೂ ಸಿಗದಿದ್ದರೆ ದತ್ತಿ ರದ್ದು, ಹಣ ವಿಶ್ವವಿದ್ಯಾನಿಲಯದ ಸಾಮಾನ್ಯ ಖರ್ಚಿಗೆ. ಈ ವರ್ಷ ಬಂದದ್ದು ಒಂದೇ ಅರ್ಜಿ, ಅದೂ ಹುಡುಗಿಯದು.

ಹುಡುಗಿಗೆ ಕೊಡಬಹುದಾ ಅಂತ ಆವುಲಪ್ಪ ವಿಶ್ವವಿದ್ಯಾನಿಲಯಕ್ಕೆ ಕಾಗದ ಬರೆದು ಕೇಳಿದ. ನಮ್ಮದೇನೂ ಅಡ್ಡಿಯಿಲ್ಲ, ತೀರ್ಮಾನ ತಮ್ಮದು ಅಂತ ಉತ್ತರ ಬಂತು. ಚೆನ್ನಾಯ್ತಲ್ಲ! ಸಹಿ ಹಾಕಿದರೆ, ಹೆಣ್ಣಿನ ಪಾರ್ಟಿಗೆ ಹೆಣ್ಣೇ ಸಾಕು, ಆವುಲಪ್ಪ ಅನ್ನುವವನು ಯಾವತ್ತೂ ಬೇಕಿರಲಿಲ್ಲ ಅಂತ ಅವನೇ ಬರೆದುಕೊಟ್ಟ ಹಾಗೆ. ಹಾಕದಿದ್ದರೆ ಅನ್ನ ಹಾಕಿದ ಯಜಮಾನರ ದುಡ್ಡಿನಲ್ಲಿ ಯಾವುದೋ ಆಫೀಸಿಗೆ ಬೆಂಚು ಕುರ್ಚಿ ಬರುತ್ತದೆ. ಎರಡರಲ್ಲಿ ಯಾವುದನ್ನು ನುಂಗಬೇಕು? ಮೂರು ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಸಾಲದ್ದಕ್ಕೆ ಪರೀಕ್ಷೆಯ ಜಾಗ ಬೇರೆ ಬದಲಾಗಿತ್ತು. ಮೊದಲ ಸಲ ಸ್ಕೂಲಿನಲ್ಲಿ ನಡೆದಿತ್ತು. ಈ ಸಲ ವೆಂಕಟರವಣಪ್ಪನವರ ಹೆಂಡತಿ ಅಶ್ವತ್ಥಮ್ಮ, ನಮ್ಮ ಮನೇಲೇ ಆಗಲಿ, ನಾನೂ ನೋಡಬೇಕು ಅಂತ ಹೇಳಿಕಳಿಸಿದ್ದರು. ಆ ಮನೆಯ ನಡುಮನೆಗೆ ಆವುಲಪ್ಪ ಕಾಲಿಟ್ಟು ಮೂವತ್ತು ವರ್ಷವಾಗಿತ್ತು. ಯಜಮಾನರು ಎಷ್ಟು ಕರೆದರೂ ಜಗಲಿಯಲ್ಲೇ ಕೂತು ಕಾಫಿ ಕುಡಿದು ಎದ್ದು ಬರುತ್ತಿದ್ದ. ಅದಕ್ಕೆ ಕಾರಣ ಇತ್ತು, ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಹನ್ನೊಂದಕ್ಕೆ ಬಸ್ಸು ಬಂತು. ಹುಡುಗಿಯ ಅಪ್ಪ ಅನಂತರಾಮಯ್ಯ ತಾಲ್ಲೂಕು ಕಚೇರಿಯ ಗುಮಾಸ್ತರು, ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ಇಳಿದರು. ಹಿಂದೆ ಪಂಕಜ, ಹದಿನೆಂಟರ ಎತ್ತರದ ಹುಡುಗಿ, ಯಾರದೋ ಮೇಲಿನ ಸಿಟ್ಟಿನಲ್ಲಿ ಬಂದವಳ ಹಾಗೆ ಹುಬ್ಬು ಗಂಟಿಕ್ಕಿದ್ದಳು.

"ನೋಡಿ ಆವುಲಪ್ಪನವರೆ," ದಾರಿಯುದ್ದಕ್ಕೂ ಅನಂತರಾಮಯ್ಯನವರದು ಒಂದೇ ರಾಗ. "ಸ್ಕಾಲರ್‌ಷಿಪ್ ಬಂದ್ರೆ ಕಳಿಸ್ತೀನಿ ಅಂತ ಬಾಯ್ತಪ್ಪಿ ಮಾತು ಕೊಟ್ಟುಬಿಟ್ಟೆ. ಬರಲಿಲ್ಲ ಅಂದ್ರೆ ಟೈಪಿಂಗ್ ಕ್ಲಾಸಿಗೆ ಸೇರಬೇಕು ಅಂತಾನೂ ಒಪ್ಪಿಸಿದೀನಿ. ನೀವು ದಾಕ್ಷಿಣ್ಯಕ್ಕೆ ಬೀಳಬೇಡಿ. ಬರದಿದ್ರೆ ನಮಗೇನೂ ಬೇಜಾರಿಲ್ಲ."

"ನನಗೆ ಬೇಜಾರಾಗತ್ತೆ ಅಪ್ಪಾ," ಅಂದಳು ಹುಡುಗಿ.

ನಡುಮನೆಯಲ್ಲಿ ಅಶ್ವತ್ಥಮ್ಮ ಚಾಪೆ ಹಾಸಿಸಿ, ತಾವು ಗೋಡೆಗೊರಗಿ ಮಣೆಯ ಮೇಲೆ ಕೂತಿದ್ದರು. ಎರಡು ಸಾಲು ಮರದ ಕಂಬ, ಅದೇ ಕಂಬ. ಆವುಲಪ್ಪ ಅವುಗಳ ಕಡೆ ನೋಡದೆ ಗಂಟಲು ಸರಿಮಾಡಿಕೊಂಡ. ಹಿತ್ತಾಳೆ ಬಿಂದಿಗೆ ತರಿಸಿ, ಸೊಂಟದ ಮೇಲಿಟ್ಟುಕೊಂಡು ಆ ತುದಿಯಿಂದ ಈ ತುದಿಗೆ ನಡಿ ಅಂದ. ಪಂಕಜ ನಡೆದಳು. ದಿನಾ ನೀರು ಹೊರುವ ಹುಡುಗಿ, ದರದರ ನಡೆದು ದಡಕ್ಕನೆ ಇಳಿಸಿದಳು.

"ಇದೇನಮ್ಮ ಇದು? ಹೆಂಗಸು ಹಿಂಗೆ ನಡೀತಾಳಾ?"

"ನಡೀತಾ ಇದಾಳಲ್ಲ ಸ್ವಾಮಿ!" ಅಂದರು ಅನಂತರಾಮಯ್ಯ. ಅಶ್ವತ್ಥಮ್ಮ ಕಿಸಕ್ಕನೆ ನಕ್ಕುಬಿಟ್ಟರು.

ಆವುಲಪ್ಪನಿಗೆ ರೇಗಿತು. ಪಂಚೆ ಸರಿಮಾಡಿಕೊಂಡು ಬಿಂದಿಗೆ ಎತ್ತಿ ಸೊಂಟಕ್ಕೇರಿಸಿದ. ಆಮೇಲೆ ನಡೆದನಲ್ಲ, ನಗುತ್ತಿದ್ದವರ ಬಾಯಿ ತಾನಾಗಿ ಮುಚ್ಚಿತು. ಹೊಟ್ಟೆ ಎಲ್ಲಿ ಹೋಯಿತೋ, ಐವತ್ಮೂರು ಎಲ್ಲಿ ಹೋಯಿತೋ! ತುಂಬಿದ ಬಿಂದಿಗೆ, ಒದ್ದೆ ಮೆಟ್ಟಿಲು, ಹಿಂದೆ ಯಾರೋ ನೋಡುತ್ತಿದ್ದಾರೆ ಅನ್ನುವ ಸಂಕೋಚ, ಎಲ್ಲಾ ಆ ಹತ್ತು ಹೆಜ್ಜೆಯಲ್ಲಿ ಕಾಣಿಸಿತು. ಪಂಕಜ ಕಣ್ಣು ಮಿಟುಕಿಸದೆ ನೋಡಿದಳು. ಕಲೆ ಅಂದರೆ ಕಲೆಯೇ, ಅದರಲ್ಲಿ ಎರಡು ಮಾತಿಲ್ಲ.

"ಸರಿ. ಈಗ ನೀನು ರಾಣಿ. ಮಗ ಸತ್ತಿದಾನೆ. ಅಳು," ಅಂದ.

ಹುಡುಗಿ ನಿಂತಳು, ನಿಂತೇ ಇದ್ದಳು. ಮುಖ ಕೆಂಪಾಯಿತು, ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ಲ.

"ಬರಲ್ಲ ಸಾರ್. ನಮ್ಮನೇಲಿ ಯಾರೂ ಸತ್ತಿಲ್ಲ. ಸುಮ್ನೆ ಕಣ್ಣೊರೆಸಿಕೊಂಡ್ರೆ ಸುಳ್ಳಾಗತ್ತೆ. ನಂಗೆ ಗೊತ್ತಿಲ್ಲ, ಅದಕ್ಕೇ ಕಲಿಯಕ್ಕೆ ಹೋಗ್ಬೇಕು ಅಂತಿರೋದು."

ಆವುಲಪ್ಪನ ಎದೆಯಿಂದ ಒಂದು ಭಾರ ಇಳಿದ ಹಾಗಾಯಿತು. ಸಿಕ್ಕಿತಲ್ಲ ನೆಪ! ಬರಲ್ಲ ಅಂತ ಅವಳೇ ಒಪ್ಪಿಕೊಂಡಳು. ದತ್ತಿ ಹೋದರೆ ಹೋಗಲಿ, ತಾನಂತೂ ಮೋಸ ಮಾಡಲಿಲ್ಲ. ಜೇಬಿನಿಂದ ಅರ್ಜಿ ತೆಗೆದ, ಪೆನ್ನಿನ ಟೋಪಿ ಬಿಚ್ಚಿದ. ಅಷ್ಟಕ್ಕೇ ಬರೆದು ಎದ್ದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಆಕ್ಟರು ಅಂದಮೇಲೆ ಕೇಳಬೇಕಾ? ಏನು ಬರಲ್ಲವೋ ಅದನ್ನು ಅವಳಿಗೆ ತೋರಿಸಿಯೇ ಕಳಿಸಬೇಕು ಅನ್ನಿಸಿತು. ಹೆಗಲ ಮೇಲಿನ ಟವೆಲ್ಲನ್ನೇ ಸೆರಗು ಮಾಡಿಕೊಂಡು ಕಂಬಕ್ಕೆ ಒರಗಿದ. ಟವೆಲ್ಲು ಮುದ್ದೆಯಾಗಿ ಬಾಯಿಗೆ ಹೋಯಿತು, ತಲೆ ತಗ್ಗಿತು, ಮೈ ನಡುಗಲು ಶುರುವಾಯಿತು. ಆಗ ಹೊಳೆಯಿತು ಅವನಿಗೆ, ಯಾವ ಮನೆಯ ಯಾವ ಕಂಬಕ್ಕೆ ಒರಗಿದ್ದೇನೆ ಅಂತ. ನಿಲ್ಲಿಸಬೇಕು ಅಂದುಕೊಂಡ. ಮೈ ಕೇಳಲಿಲ್ಲ, ಸೀನು ಮುಗಿಸಿಯೇ ಬಿಟ್ಟಿತು.

ತಲೆ ಎತ್ತಿದಾಗ ಅನಂತರಾಮಯ್ಯ ಅಂಗವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಅಶ್ವತ್ಥಮ್ಮನ ಕಣ್ಣು ಒಣಗಿತ್ತು.

"ಚೆನ್ನಾಗಿ ಮಾಡ್ತೀರಿ ಆವುಲಪ್ಪನೋರೆ. ಇಲ್ಲೇ ಅಲ್ವಾ ನೀವು ಇದನ್ನ ಕಲಿತಿದ್ದು?"

ಆವುಲಪ್ಪ ಸರಕ್ಕನೆ ಕಂಬ ಬಿಟ್ಟು ಸರಿದ. ಮೂವತ್ತೆರಡನೇ ಇಸವಿ. ಕಂಪನಿ ಊರಿಗೆ ಬಂದಾಗ ನಾಲ್ಕು ಜನ ಆಕ್ಟರುಗಳನ್ನು ಯಜಮಾನರು ಇದೇ ಮನೆಯ ಮುಂದಿನ ಕೋಣೆಯಲ್ಲಿ ಇಳಿಸಿಕೊಂಡಿದ್ದರು. ಯಜಮಾನರು ಗೂಡು ಕೊಳ್ಳಲು ಚಿಂತಾಮಣಿಗೆ ಹೋಗಿದ್ದಾಗ ಅವರ ಮೂರು ವರ್ಷದ ಮಗನಿಗೆ ಜ್ವರ ಏರಿ, ಬೆಳಗಾಗುವಷ್ಟರಲ್ಲಿ ಮಗು ಹೋಗಿಬಿಟ್ಟಿತು. ಮುಖ ತೊಳೆಯಲು ನೀರು ಕೇಳಲು ಬಂದ ಆವುಲಪ್ಪ ಬಾಗಿಲ ಸಂದಿಯಿಂದ ನೋಡಿದ. ಕಂಬಕ್ಕೆ ಒರಗಿ ಅಶ್ವತ್ಥಮ್ಮ ಒಬ್ಬರೇ ನಿಂತಿದ್ದರು. ಓಡಿ ಹೋಗಿ ಅಕ್ಕಪಕ್ಕದವರನ್ನು ಕರೆಯಬೇಕಾದವನು ಅಲ್ಲೇ ನಿಂತು ನೋಡಿದ, ಸೆರಗನ್ನು ಬೆರಳು ಹೇಗೆ ಮುದುರಿತು, ಯಾವ ಮಂಡಿ ಸೋತಿತು ಅಂತ. ಎಂಟೇ ದಿನದಲ್ಲಿ ಅದು ಸ್ಟೇಜಿನ ಮೇಲಿತ್ತು. ಮೆಡಲು ಬಂದವು, ಒನ್ಸ್‌ಮೋರ್ ಬಂತು. ಕದ್ದ ಮಾಲು ಅಂತ ಅವನೊಬ್ಬನಿಗೇ ಗೊತ್ತು ಅಂದುಕೊಂಡಿದ್ದ.

"ನಿಮಗೆ... ಗೊತ್ತಿತ್ತಾ ಅಮ್ಮ?"

"ಮನಸ್ಸು ಹಗುರಾಗಲಿ ಅಂತ ಅವರೇ ಬಲವಂತ ಮಾಡಿ ನಾಟಕಕ್ಕೆ ಕರ್ಕೊಂಡು ಹೋಗಿದ್ರು. ನೀವು ಬಂದು ಕಂಬಕ್ಕೆ ಒರಗಿದ್ರಿ. ಮೈಯೆಲ್ಲಾ ಬೆಂಕಿ ಬಿತ್ತು ನಂಗೆ. ಸ್ಟೇಜಿಗೆ ಹತ್ತಿ ನಿಮ್ಮ ಆ ಸುಳ್ಳು ಜಡೆ ಹಿಡಿದು ಎಳೀಬೇಕು ಅನ್ನಿಸ್ತು."

"ಎಳೀಬೇಕಾಗಿತ್ತಮ್ಮ," ಅಂದ ಆವುಲಪ್ಪ. ಮನಸಾರೆ ಅಂದ.

"ಗಂಡಸರ ಕಡೆ ನೋಡಿದೆ. ನಮ್ಮ ಯಜಮಾನ್ರು ಅಳ್ತಾ ಇದ್ರು. ಮಗ ಹೋದಾಗ ಊರಲ್ಲಿರಲಿಲ್ಲ, ಬಂದಮೇಲೂ ನನ್ನ ಮುಂದೆ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ನಿಮ್ಮ ಮುಂದೆ ಕೂತು ಅಳ್ತಾ ಇದ್ರು. ಆಮೇಲೆ ಕಂಪನಿ ಮುಚ್ಚೋವರೆಗೂ ಊರೂರಿಗೆ ಹೋಗಿ ಅತ್ತು ಬರೋರು. ಅದು ನನ್ನ ಅಳು ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಹೇಳಿದ್ರೆ ಅದನ್ನೂ ನಿಲ್ಲಿಸಿಬಿಡೋರು. ಈ ದತ್ತಿ ಯಾತಕ್ಕೆ ಅಂದ್ಕೊಂಡಿದ್ರಿ? ನಿಮ್ಮ ನಡಿಗೆಗಾ?"

ಆವುಲಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದ.

"ಇನ್ನೊಂದು ಮಾತು. ನೀವು ಮಾಡೋದು ತಪ್ಪು. ನಾಚಿಕೆಗೆ ತಲೆ ತಗ್ಗಿಸಿದ್ಲು ಅಂದ್ಕೊಂಡ್ರಿ ನೀವು. ಬಾಗಿಲ ಸಂದೀಲಿ ನೋಡಿದೋರಿಗೆ ಹಂಗೇ ಕಾಣೋದು."

ಆಗ ಪಂಕಜ ಚಾಪೆ ಬಿಟ್ಟು ಅಶ್ವತ್ಥಮ್ಮನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. ಪರೀಕ್ಷೆ, ಸ್ಕಾಲರ್‌ಷಿಪ್ಪು ಎಲ್ಲಾ ಅವಳಿಗೆ ಮರೆತೇಹೋದ ಹಾಗಿತ್ತು.

"ಏನು ನೋಡ್ತಿದ್ರಿ ಅಮ್ಮ?"

ಅಶ್ವತ್ಥಮ್ಮ ಕಂಬದ ಕಡೆ ಕೈ ತೋರಿಸಿದರು.

"ತೊಟ್ಟಿಲು. ಅಲ್ಲಿ, ಕಂಬದ ಬುಡದಲ್ಲಿ ಇತ್ತು. ಚಿಕ್ಕೋಳು ಆರು ತಿಂಗಳ ಕೂಸು. ಅವಳಿಗೂ ಜ್ವರ, ಆಗಷ್ಟೇ ಕಣ್ಣು ಮುಚ್ಚಿದ್ಲು. ಎಚ್ಚರ ಆಗ್ಬಾರ್ದು ಅಂತ ಬಾಯಿಗೆ ಸೆರಗು ತುರುಕಿಕೊಂಡೆ. ಉಸಿರಾಡ್ತಿದಾಳಾ ಇಲ್ವಾ ಅಂತ ನೋಡ್ತಾ ನಿಂತಿದ್ದೆ."

"ಆಮೇಲೆ?"

ಆಮೇಲೆ! ಸಾವಿರ ಸಲ ಆ ಸೀನು ಮಾಡಿದ ಆವುಲಪ್ಪನಿಗೆ ಮೂವತ್ತು ವರ್ಷದಲ್ಲಿ ಈ ಎರಡು ಪ್ರಶ್ನೆ ಒಂದು ಸಲವೂ ಬಾಯಿಗೆ ಬಂದಿರಲಿಲ್ಲ. ಇದೇ ಬೀದಿಯಲ್ಲಿದ್ದ, ಇದೇ ಜಗಲಿಯಲ್ಲಿ ಕಾಫಿ ಕುಡಿದ, ಅಶ್ವತ್ಥಮ್ಮನ ರವಿಕೆ ಹೊಲಿದುಕೊಟ್ಟ. ಕೇಳಿದ್ದರೆ ಹೇಳುತ್ತಿದ್ದರು. ಮೂರು ದಿನದಿಂದ ತಲೆ ತಿನ್ನುತ್ತಿದ್ದ ತೀರ್ಮಾನ ಅವನಿಗೆ ಆ ಕ್ಷಣ ಸಿಕ್ಕಿಬಿಟ್ಟಿತು. ಅರ್ಜಿಯನ್ನು ಮಂಡಿಯ ಮೇಲಿಟ್ಟುಕೊಂಡು, "ಈ ಹುಡುಗಿಗೆ ಕೇಳುವುದು ಬರುತ್ತದೆ, ನನಗೆ ಬರುತ್ತಿರಲಿಲ್ಲ, ಕೊಡಬೇಕು" ಅಂತ ಬರೆದು, ಕೆಳಗೆ ಸಹಿ ಹಾಕಿದ. ಅನಂತರಾಮಯ್ಯ ಬಗ್ಗಿ ಓದಿ ನಿಟ್ಟುಸಿರುಬಿಟ್ಟರು, ಟೈಪಿಂಗ್ ಕ್ಲಾಸಿನ ಆಸೆ ಬಿಟ್ಟರು ಪಾಪ.

"ಅಮ್ಮ, ನಾನೂ ಇಲ್ಲೇ ಕೂತು ಕೇಳಬಹುದಾ?" ಅಂದ ಆವುಲಪ್ಪ.

"ಸಹಿ ಆಯ್ತಲ್ಲ. ಇನ್ನು ನಿಮಗೇನು ಕೆಲಸ ಇಲ್ಲಿ?" ಅಂದರು ಅಶ್ವತ್ಥಮ್ಮ. ಸಿಟ್ಟಿನಿಂದ ಅನ್ನಲಿಲ್ಲ, ಅದೇ ಅವನಿಗೆ ಜಾಸ್ತಿ ಚುಚ್ಚಿತು. ಹುಡುಗಿಯ ಕಡೆ ತಿರುಗಿ, "ರಾ ತಲ್ಲಿ, ಬಾರಮ್ಮ ಹತ್ರ," ಅಂತ ಮಣೆಯ ಪಕ್ಕ ಜಾಗ ಮಾಡಿದರು.

ಗಂಡಸರಿಬ್ಬರೂ ಜಗಲಿಗೆ ಬಂದು ಕೂತರು. ಒಳಗಿನಿಂದ ಮಾತು ಕೇಳಿಸುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ. ಅನಂತರಾಮಯ್ಯ ಹಾಸ್ಟೆಲ್ಲಿನ ಊಟದ ವಿಚಾರ ಏನೋ ಕೇಳುತ್ತಿದ್ದರು, ಆವುಲಪ್ಪ ಏನೋ ಹೇಳುತ್ತಿದ್ದ. ಆಗ ಒಳಗಿನಿಂದ ಅಳು ಬಂತು. ಎದೆ ಹರಿಯುವ ಹಾಗೆ, ಬೀದಿಗೆಲ್ಲಾ ಕೇಳುವ ಹಾಗೆ, ದೊಡ್ಡ ಗಂಟಲಲ್ಲಿ ಅಶ್ವತ್ಥಮ್ಮ ಅಳುತ್ತಿದ್ದರು.

ಆವುಲಪ್ಪ ತಟಕ್ಕನೆ ಎದ್ದು ಬಾಗಿಲವರೆಗೆ ಹೋದ. ಬಾಗಿಲು ಓರೆಯಾಗಿತ್ತು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎಲ್ಲಾ ಕಾಣುತ್ತಿತ್ತು. ಅವನು ಮುಖ ಆಚೆ ತಿರುಗಿಸಿಕೊಂಡೇ ಕೈ ಚಾಚಿ ಬಾಗಿಲನ್ನು ಪೂರ್ತಿ ಎಳೆದುಕೊಂಡ. ಆಮೇಲೆ ಮೆಟ್ಟಿಲಿಳಿದು, ಅರ್ಜಿಯನ್ನು ಟಪಾಲಿಗೆ ಹಾಕಲು ಹೊರಟ.